ಗ್ವಾಡಿ ಮ್ಯಾಲಿನ ತಂತಿ

ನಮ್ಮ ಘಾಟಬೋರಾಳದಾಗ ಕಲಬುರಗಿ ಆಕಾಶವಾಣಿ ಸುಮ್ಮನ ಹಚ್ಚಿದ್ರ ಕೇಳ್ತದ. ಅದು 1107 ಕಿಲೋಹರ್ಟ್ಜ್ ಮೀಡಿಯಂ ವೇವ್. ಅದರ ಅಲಿ ನೆಲ ಹಿಡಿದು ಬರ್ತದ. ಎಫ್‌ಎಂ ಹಂಗಲ್ಲ. ನೇರ ಬರೂದು, ಗುಡ್ಡ, ದಪ್ಪನ ಕಲ್ಲಿನ ಗ್ವಾಡಿ, ಮ್ಯಾಲಿನ ತಗಡು, ಎಲ್ಲಾ ಅಡ್ಡ. ಕಲಬುರಗಿ ಅಂದ್ರ 50 ಕಿಲೋಮೀಟರಿಗಿಂತ ದೂರ.

ಅವ್ವಗ ಕಣ್ಣು ಮಂಜಾದ ಮ್ಯಾಲ ಟಿವಿ ಬಿಟ್ಟಾಳ. ಹಗಲೆಲ್ಲಾ ಮನ್ಯಾಗ ಒಬ್ಬಾಕಿನೇ, ಹಾಡು ಬೇಕು. ರೇಡಿಯೋ ಬರೇ ಖರಖರ ಅಂದ್ರ ಆಕಿ ಊಟಾನೂ ಸರಿ ಮಾಡಲ್ಲ.

ಹಿಂಗಾಗಿ ಏರಿಯಲ್ ಮನ್ಯಾಗೇ ಮಾಡೀವಿ. 100 ಮೆಗಾಹರ್ಟ್ಜ್ ಅಲಿ 3 ಮೀಟರ್ ಉದ್ದ. ಅದರ ಕಾಲು ಭಾಗ 75 ಸೆಂಟಿಮೀಟರ್. ಜೋಡಿ ವೈರ್ ತಗೊಂಡು ತುದಿಯಿಂದ ಅಷ್ಟು ಸೀಳ್ರಿ, ಅಲ್ಲಿ ಗಂಟು ಹಾಕ್ರಿ. ಎರಡೂ ತೋಳು ಚಾಚಿ ಗ್ವಾಡಿಗಿ ಟಿ ಆಕಾರದಾಗ ಕಟ್ರಿ. ಮೊಳಿ ಒಳಗಿನ ತಾಮ್ರಕ್ಕ ತಾಗಬಾರದು. ಕೆಳಗಿನ ಎರಡು ತುದಿ ಸೆಟ್ಟಿನ ಹಿಂದಿನ ಏರಿಯಲ್ ಸ್ಕ್ರೂಗಳಿಗಿ ಬಿಗೀರಿ. ತೋಳಿನ ತುದಿ ಸ್ಟೇಷನ್ ಕಡಿ ಇರಬಾರದು, ಅಗಲ ಆ ಕಡಿ ಇರಬೇಕು. ಅಡ್ಡ ಕಟ್ಟಿದ್ರ ಬರಲಿಲ್ಲಂದ್ರ ಉದ್ದಕ ನಿಂದ್ರಿಸಿ ನೋಡ್ರಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ದೂರ ಇಡ್ರಿ. ಅವೂ ಗದ್ದಲ ಮಾಡ್ತಾವ.

ಒಂದು ಮೊಳ ಸರಿಸಿದ್ರೂ ಫರಕ ಆಗ್ತದ. ನಮ್ಮಲ್ಲಿ ಚಂದ ಬಂದಿದ್ದು ಜೋಳದ ಚೀಲ ಇಡೂ ಮೂಲ್ಯಾಗ. ಚೀಲ ಸರಿಸಿ ಅವ್ವನ ಹೊರಸು ಅಲ್ಲಿ ಹಾಕೀವಿ. ಈಗ ಹೊಲದಿಂದ ಬಂದ್ರ ಆಕಿನೇ ಕರದು ಹೇಳ್ತಾಳ, ಇವತ್ತು ಯಾವ ಹಾಡು ಬಂತಂತ.