ಕಿಚ್ಚನ್ನು ಅರಸಿ ಬರುವ ಕೀಟ

ಕಾಡಿಗೆ ಕಿಚ್ಚು ಬಿದ್ದಿತೆಂದರೆ ಅಲ್ಲಿ ನೆಲೆಸಿದ ಜೀವಕೋಟಿಗೆ ಅದು ದಿಕ್ಕೆಡುವ ಗಳಿಗೆ. ರೆಕ್ಕೆಯುಳ್ಳವು ಹಾರುತ್ತವೆ, ಕಾಲುಳ್ಳವು ಓಡುತ್ತವೆ, ಎರಡೂ ಆಗದವು ಬಿಲವನ್ನು ಸೇರುತ್ತವೆ. ಖಾಂಡವದಹನದ ಕಥೆಯನ್ನು ಕೇಳಿದವರಿಗೆ ಈ ಚಿತ್ರ ಹೊಸದಲ್ಲ. ಆದರೆ ಎಲ್ಲವೂ ಬೆಂಕಿಗೆ ಬೆನ್ನುಮಾಡಿ ಓಡುತ್ತಿರುವಾಗ, ಆ ಬೆಂಕಿಯನ್ನೇ ಅರಸಿಕೊಂಡು ಎದುರು ದಿಕ್ಕಿನಿಂದ ಹಾರಿಬರುವ ಒಂದು ಪುಟ್ಟ ಜೀವಿಯುಂಟು. ಶಾಸ್ತ್ರಜ್ಞರು ಅದನ್ನು ಮೆಲನೊಫಿಲ ಎಂದು ಕರೆಯುತ್ತಾರೆ. ಉತ್ತರ ಅಮೆರಿಕ, ಯೂರೋಪುಗಳ ಪೈನ್ ಮೊದಲಾದ ಮರಗಳ ಕಾಡು ಅದರ ನೆಲೆ. ಕನ್ನಡನಾಡಿನ ಹಳ್ಳಿಯ ಹುಡುಗರು ಬೆಂಕಿಪೆಟ್ಟಿಗೆಯಲ್ಲಿಟ್ಟು ಸೊಪ್ಪು ತಿನ್ನಿಸುವ ಜೀರ್ಜಿಂಬೆಯ ವಂಶಕ್ಕೇ ಇದೂ ಸೇರಿದ್ದು. ಆದರೆ ಜೀರ್ಜಿಂಬೆಯ ಮಿನುಗು ಇದಕ್ಕಿಲ್ಲ. ಸುಮಾರು ಒಂದು ಸೆಂಟಿಮೀಟರ್ ಉದ್ದದ, ಇದ್ದಿಲಿನಂತೆ ಕಪ್ಪಾದ ದುಂಬಿ ಇದು.

ದೀಪಕ್ಕೆ ಮುತ್ತುವ ಪತಂಗವನ್ನು ಕವಿಗಳು ಬಹುಕಾಲದಿಂದ ಹಾಡಿದ್ದಾರೆ. ಅದು ಮೋಸಹೋಗಿ ಸಾಯುವ ಬಡಪಾಯಿ. ಮೆಲನೊಫಿಲ ಬರುವುದು ಸಾಯಲಿಕ್ಕಲ್ಲ, ಸಂತಾನವನ್ನು ಬೆಳೆಸಲಿಕ್ಕೆ. ಜೀವಂತ ಮರದ ತೊಗಟೆಯನ್ನು ಮರಿಹುಳು ಕೊರೆಯಹೊರಟರೆ ಮರವು ಅಂಟು ಸುರಿಸಿ ಅದನ್ನು ಅಡಗಿಸಿಬಿಡುತ್ತದೆ. ಬೆಂದ ಮರಕ್ಕೆ ಆ ಶಕ್ತಿಯಿಲ್ಲ. ಆದ್ದರಿಂದ ನೆಲ ಇನ್ನೂ ಹೊಗೆಯಾಡುತ್ತಿರುವಾಗಲೇ ಗಂಡು ಹೆಣ್ಣುಗಳು ಅಲ್ಲಿ ಕೂಡುತ್ತವೆ. ಹೆಣ್ಣು ಸುಟ್ಟ ತೊಗಟೆಯ ಸಂದಿನಲ್ಲಿ ಮೊಟ್ಟೆಯಿಡುತ್ತದೆ. ಬೇರೆ ಕೀಟಗಳು ತಲಪುವ ಮೊದಲೇ ತಲಪಿದವರಿಗೆ ಊಟ ಯಥೇಚ್ಛ.

ದೂರದ ಬೆಂಕಿ ಈ ಕೀಟಕ್ಕೆ ತಿಳಿಯುವುದಾದರೂ ಹೇಗೆ? ಅಮೆರಿಕದ ಬರ್ಕ್ಲಿಯಲ್ಲಿದ್ದ ಕೀಟಶಾಸ್ತ್ರಜ್ಞ ಗಾರ್ಟನ್ ಲಿನ್ಸ್ಲಿ 1943ರಲ್ಲಿ ಇದನ್ನು ಕುರಿತು ಒಂದು ಲೇಖನ ಬರೆದರು. ಅದರಲ್ಲಿ ಬಂದಿರುವ ಒಂದು ಪ್ರಸಂಗ ನಗೆ ತರಿಸುವಂಥದು. ಅಲ್ಲಿನ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯ ನಡೆದಾಗ ಸಹಸ್ರಾರು ಪ್ರೇಕ್ಷಕರು ಸೇದಿದ ಸಿಗರೇಟಿನ ಹೊಗೆ ಮಂಜಿನಂತೆ ಕವಿಯುತ್ತಿತ್ತು. ಈ ದುಂಬಿಗಳು ಹಿಂಡುಗಟ್ಟಿ ಬಂದು ಜನರ ಕತ್ತು ಕೈಗಳನ್ನು ಕಚ್ಚುತ್ತಿದ್ದವು. ಕಾಳ್ಗಿಚ್ಚೆಂದು ನಂಬಿ ಬಂದವಕ್ಕೆ ದೊರೆತದ್ದು ಆಟದ ಮೈದಾನ!

ಹಾಗಾದರೆ ಹೊಗೆಯ ವಾಸನೆಯೇ ಕಾರಣವೆ? ಕೆನಡದ ಆಲ್ಬರ್ಟ ವಿಶ್ವವಿದ್ಯಾನಿಲಯದ ವಿಲಿಯಂ ಇವಾನ್ಸ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ದುಂಬಿಯ ನಡುಗಾಲುಗಳ ಬುಡದ ಪಕ್ಕದಲ್ಲಿ ಎರಡು ಕುಳಿಗಳಿವೆ. ಕಣ್ಣಿಗೆ ಕಾಣದ, ಆದರೆ ಶಾಖವನ್ನು ಹೊತ್ತು ತರುವ ಅವಕೆಂಪು ಕಿರಣಗಳನ್ನು ಕೀಟದ ಮೇಲೆ ಬಿಟ್ಟಾಗ ಅದು ಮೀಸೆಗಳನ್ನು ಅದುರಿಸಿತು; ಕುಳಿಗಳನ್ನು ಮುಚ್ಚಿದಾಗ ಸುಮ್ಮನಾಯಿತು. ಬೆಂಕಿಯನ್ನು ಅರಿಯುವ ಇಂದ್ರಿಯ ಇರುವುದು ತಲೆಯಲ್ಲಲ್ಲ, ಎದೆಯ ಕೆಳಗೆ ಎಂದು 1964ರಲ್ಲಿ ಅವರು ಪ್ರಕಟಿಸಿದರು.

ಆ ಕುಳಿಯೊಳಗೆ ಏನಿದೆ ಎಂಬುದನ್ನು ಬಿಡಿಸಿ ನೋಡಿದವರು ಜರ್ಮನಿಯ ಬಾನ್ ನಗರದ ಹೆಲ್ಮುಟ್ ಶ್ಮಿಟ್ಸ್. ಒಂದೊಂದು ಕುಳಿಯಲ್ಲಿಯೂ ಸುಮಾರು 70 ಸೂಕ್ಷ್ಮ ಗುಮ್ಮಟಗಳು. ಪ್ರತಿಯೊಂದರ ಅಡಿಯಲ್ಲೂ ದ್ರವವಿರುವ ಒಂದು ಗೋಳ. ಕಿರಣ ತಾಕಿದೊಡನೆ ದ್ರವ ಕಾದು ಹಿಗ್ಗುತ್ತದೆ, ಹಿಗ್ಗಿದ ದ್ರವ ನರದ ತುದಿಯನ್ನು ಒತ್ತುತ್ತದೆ. ಅಂದರೆ ಈ ಕೀಟವು ಬೆಂಕಿಯನ್ನು ನೋಡುವುದೂ ಇಲ್ಲ, ಮೂಸುವುದೂ ಇಲ್ಲ. ಒಂದು ಬಗೆಯಲ್ಲಿ ಮುಟ್ಟಿಯೇ ತಿಳಿಯುತ್ತದೆ. ಸ್ಪರ್ಶವನ್ನರಿಯುವ ಸಾಮಾನ್ಯ ರೋಮವೇ ಕಾಲಾಂತರದಲ್ಲಿ ಹೀಗೆ ಮಾರ್ಪಟ್ಟಿದೆ. ಆದರೂ ಲಿನ್ಸ್ಲಿಯವರ ಊಹೆ ಸುಳ್ಳಾಗಲಿಲ್ಲ. ಬೆಂದ ಮರದ ಹೊಗೆಯಲ್ಲಿರುವ ಗ್ವಾಯಕಾಲ್ ಎಂಬ ವಸ್ತುವನ್ನು ದುಂಬಿಯ ಮೀಸೆಗಳು ಅತ್ಯಲ್ಪ ಪ್ರಮಾಣದಲ್ಲೂ ಗುರುತಿಸುತ್ತವೆಂದು 1999ರಲ್ಲಿ ತಿಳಿದುಬಂತು.

ಉಳಿದದ್ದು ದೂರದ ಪ್ರಶ್ನೆ. 1920ರ ದಶಕದಲ್ಲಿ ಕ್ಯಾಲಿಫೋರ್ನಿಯದ ಕೋಲಿಂಗ ಎಂಬಲ್ಲಿ ಎಣ್ಣೆಯ ತೊಟ್ಟಿಗೆ ಬೆಂಕಿ ತಗುಲಿದಾಗ ಅಸಂಖ್ಯಾತ ಮೆಲನೊಫಿಲಗಳು ಅಲ್ಲಿಗೆ ಬಂದವು. ಸುತ್ತಲೂ ಒಣನೆಲ. ಅವು ಸಿಯೆರಾ ನೆವಾಡ ಬೆಟ್ಟದ ತಪ್ಪಲಿನ ಕಾಡಿನಿಂದ ಬಂದಿದ್ದರೆ ಸುಮಾರು 130 ಕಿಲೋಮೀಟರ್ ದಾಟಿರಬೇಕು. ಶ್ಮಿಟ್ಸ್ ಮತ್ತು ಹರ್ಬರ್ಟ್ ಬೂಸಾಕ್ 2012ರಲ್ಲಿ ಆ ಹಳೆಯ ಬೆಂಕಿಯ ಶಾಖವನ್ನು ಗಣಕದಲ್ಲಿ ಲೆಕ್ಕಹಾಕಿದರು. ಅಷ್ಟು ದೂರಕ್ಕೆ ತಲಪುವ ಕಿರಣ ಬಹು ಕ್ಷೀಣ. ಇವಾನ್ಸ್ ಪ್ರಯೋಗಶಾಲೆಯಲ್ಲಿ ಅಳೆದ ಸಂವೇದನೆಯನ್ನೇ ನೆಚ್ಚಿದರೆ ಹತ್ತು ಕಿಲೋಮೀಟರಿನಾಚೆಯ ಕಾಳ್ಗಿಚ್ಚು ಕೂಡ ಕೀಟಕ್ಕೆ ತಿಳಿಯಬಾರದು. ಒಂದೋ ಆ ಅಳತೆ ಸಾಲದು, ಇಲ್ಲವೆ ದುಂಬಿಗಳಿಗೆ ಸುದ್ದಿ ಮುಟ್ಟಿದ್ದು ಬೇರೆ ದಾರಿಯಿಂದ. ವಿಜ್ಞಾನಿಗಳು ಅದನ್ನು ಹಾಗೆಯೇ ಒಪ್ಪಿಕೊಂಡು ಹುಡುಕಾಟವನ್ನು ಮುಂದುವರಿಸಿದರು.

ಸುಟ್ಟ ಕಾಡಿಗೆ ದುಂಬಿಗಳ ಹಿಂದೆಯೇ ಕಪ್ಪುಬೆನ್ನಿನ ಮರಕುಟಿಗ ಬರುತ್ತದೆ. ಕರಿಕಾದ ಕಾಂಡಕ್ಕೆ ಆತುಕೊಂಡರೆ ಹಕ್ಕಿಯಾವುದು, ತೊಗಟೆಯಾವುದು ಎಂದು ತಿಳಿಯದು. ಮರವನ್ನು ಕುಕ್ಕಿ ಕುಕ್ಕಿ ಅದು ಕೊರೆಹುಳುಗಳನ್ನು ಹೆಕ್ಕುತ್ತದೆ. ಬೆಂದ ಮರಗಳನ್ನು ಕೆಲಸಕ್ಕೆ ಬಾರದವೆಂದು ಕಡಿದು ಸಾಗಿಸಿದ ಕಡೆ ಆ ಸದ್ದು ಕೇಳದು. ಯೂರೋಪಿನಲ್ಲಿ ಕಾಳ್ಗಿಚ್ಚನ್ನು ತಡೆಯುವುದರಲ್ಲಿ ಮನುಷ್ಯ ಎಷ್ಟು ಸಮರ್ಥನಾದನೆಂದರೆ ಬೆಂಕಿಯನ್ನು ನಂಬಿದ ಕೀಟಗಳೇ ವಿರಳವಾದವು. ಸ್ವೀಡನ್, ಫಿನ್‌ಲೆಂಡ್ ದೇಶಗಳ ಅರಣ್ಯಾಧಿಕಾರಿಗಳು ಈಗ ಹವೆ ನೋಡಿ, ನೀರು ಸಿದ್ಧವಿಟ್ಟುಕೊಂಡು, ಕಾಡಿನ ಕೆಲವು ತುಂಡುಗಳಿಗೆ ತಾವೇ ಬೆಂಕಿಯಿಡುತ್ತಾರೆ.