ಹಾಡಿನೊಳಗಿನ ಕಾಡು

ಸೋಲಿಗರ ಹಾಡು-ಕುಣಿತಾನ ಉಳಿಸಬೇಕು ಅಂತ ಪಟ್ಟಣದಿಂದ ಬರ್ತಾರೆ. ಬರಲಿ, ಬೇಡ ಅನ್ನೋದಿಲ್ಲ. ಯಾಕೆ ಉಳಿಸಬೇಕು ಅಂದರೆ 'ಜನಪದ ಕಲೆ' ಅಂತಾರೆ. ಅಕ್ಷರ ಬಾರದ ನಮ್ಮ ಹಿರೀಕರು ದೇವರ ಹೆಸರಲ್ಲಿ ಬಾಯಲ್ಲೇ ಬರೆದಿಟ್ಟ ಕಾಡಿನ ಪಹಣಿ ಅದು ಅಂತ ಅವರಿಗೆ ಹೇಗೆ ಹೇಳೋದು?

ಬಿಳಿಗಿರಿರಂಗನ ಬೆಟ್ಟದ ದೊಡ್ಡಸಂಪಿಗೆ ನಮ್ಮ ದೇವರು. ಗೋಪುರವಿಲ್ಲ, ಗರ್ಭಗುಡಿಯಿಲ್ಲ. ಮರವೇ ದೇವರು, ಬುಡದಲ್ಲಿ ಒಂದಿಷ್ಟು ಕಲ್ಲು. ರೊಟ್ಟಿಹಬ್ಬದ ರಾತ್ರಿ ಬೆಂಕಿ ಸುತ್ತ ಗೊರುಕನ ಕುಣಿಯುವಾಗ ಮರ, ಹಕ್ಕಿ, ಪ್ರಾಣಿಗಳ ಹೆಸರು ಒಂದರ ಹಿಂದೆ ಒಂದು ಬರುತ್ತವೆ. ಕೂಸು ಕುಣೀತಾನೇ ಕಲಿಯುತ್ತೆ. ಕಾಡನ್ನ ನಾವು ಯಲ್ಲೆಗಳಾಗಿ ನೋಡ್ತೀವಿ. ಒಂದೊಂದು ಯಲ್ಲೆ ಒಂದೊಂದು ಕುಲದ್ದು. ಅದರಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಅಬ್ಬಿ ಅಂದರೆ ನೀರು. ನೀರಿಗೂ ಪೂಜೆ ಉಂಟು, ಹೊಲಸು ಮಾಡೋ ಹಾಗಿಲ್ಲ.

ಬಿಳಿಗಿರಿರಂಗ ನಮಗೆ ಭಾವ, ನಮ್ಮ ಕುಸುಮಾಲೆಯನ್ನ ಕಟ್ಟಿಕೊಂಡವನು. ಕಾಡು ಸುತ್ತಿ ಸುತ್ತಿ ಅವನ ಕೆರ ಸವೆಯುತ್ತೆ ಅಂತ ಬೂದಿತಿಟ್ಟಿನ ಮಾದಿಗ ಬಂಧುಗಳು ಎರಡು ವರ್ಷಕ್ಕೊಮ್ಮೆ ದೊಡ್ಡ ಕೆರ ಹೊಲಿದು ತರುತ್ತಾರೆ. (ಹೊಲಿದ ಕೈಯನ್ನ ಮುಟ್ಟದವರೂ ಆ ಕೆರವನ್ನ ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ಇರಲಿ.)

ಹಾಡಿನ ಮರ ಉಳಿಯಬೇಕಾದರೆ ಕೈಕೆಲಸವೂ ನಡೀಬೇಕು. ಬೇಸಿಗೆ ಏರುವ ಮುಂಚೆ ನಮ್ಮವರು ತರಗುಬೆಂಕಿ ಹಾಕುತ್ತಿದ್ದರು. ಒಣಗಿದೆಲೆ ಮಾತ್ರ ಉರಿಯೋ ಸಣ್ಣ ಬೆಂಕಿ. ದೊಡ್ಡ ಮರಕ್ಕೆ ಏಟಿಲ್ಲ, ಮಳೆ ಬಿದ್ದರೆ ಹುಲ್ಲು ಚಿಗುರುತ್ತೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಅಭಯ ಯಾರಿಗೆ? ಬೇಟೆ ಹೋಯಿತು, ಕಾಡು ಕಡಿದು ಮಾಡುತ್ತಿದ್ದ ಬೇಸಾಯ ಹೋಯಿತು, ತರಗುಬೆಂಕಿ ಅಪರಾಧವಾಯಿತು. ಒಳಗಾಡಿನ ಪೋಡುಗಳು ಅಂಚಿಗೆ ಬಂದವು. ಆಮೇಲೆ ಲಂಟಾನ ಎದ್ದಿತು, ಆಳೆತ್ತರ. ನೆಲ್ಲಿಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹತ್ತಿತು. ಬೆಂಕಿ ನಿಂತದ್ದಕ್ಕೇ ಉಪ್ಪಿಲು ಹೆಚ್ಚಿತು ಅಂದರು ನಮ್ಮ ಮುದುಕರು. ಆ ಮಾತನ್ನ ಅವರ ಬಾಯಿಂದ ಕೇಳಿಕೊಂಡೇ ವಿಜ್ಞಾನಿಗಳು ಉಪ್ಪಿಲಿನ ಅಧ್ಯಯನಕ್ಕೆ ಇಳಿದರು.

ಓದೋಕೆ ಬೆಟ್ಟ ಇಳಿದ ನಮಗೆ ಒಂದು ಕಾಲೇಜಿನಲ್ಲಿ ಸೊಪ್ಪು ಸುತ್ತಿಸಿ, ಮುಖಕ್ಕೆ ಮಸಿ ಬಳಿಸಿ ವೇದಿಕೆ ಹತ್ತಿಸಿದರು. ಐದೇ ನಿಮಿಷ ಅಂದರು. ರಾತ್ರಿಯೆಲ್ಲ ಹಾಡೋ ಹಾಡು ಅದು. ಐದು ನಿಮಿಷದಲ್ಲಿ ಯಾವ ಮರ ಬಿಡೋದು, ಯಾವ ಹಕ್ಕಿ ಬಿಡೋದು? ಮಸಿ ತೊಳೆದುಕೊಂಡು ಬಂದೆವು.

ಹಾಡು ಬೇರೆ ಕಡೆ ಕೆಲಸಕ್ಕೆ ಬಂತು. ಹಿರೀಕರು ಹೆಸರು ಹೇಳುತ್ತಾ ಮುಂದೆ ನಡೆದರು, ನಮ್ಮ ಹುಡುಗರು ಯಂತ್ರ ಹಿಡಿದು ಹಿಂದೆ ನಡೆದರು. 400ಕ್ಕೂ ಹೆಚ್ಚು ದೇವರ ಜಾಗಗಳು ನಕ್ಷೆಗೆ ಬಂದವು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಂಘ ಕಟ್ಟಿ ಅರ್ಜಿ ಹಾಕಿದೆವು. 2011ರ ಜನವರಿಯಲ್ಲಿ ಬೆಟ್ಟವನ್ನ ಹುಲಿಗೆ ಮೀಸಲು ಅಂತ ಸಾರಿದರು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ತರಗುಬೆಂಕಿ ಮಾತ್ರ ಪತ್ರದಾಚೆಗೇ ಉಳಿಯಿತು.

ಪೋಡಿನ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಮಾತು. ರೊಟ್ಟಿಹಬ್ಬದ ಮಾರನೇ ದಿನ ನಮ್ಮ ಮಕ್ಕಳಿಗೆ ಗೈರುಹಾಜರಿ ಹಾಕಬೇಡಿ. ನಿದ್ದೆಗಣ್ಣಲ್ಲಿ ಬಂದರೆ ಹತ್ತಿರ ಕೂರಿಸಿಕೊಂಡು, ನೆನ್ನೆ ಯಾವ ಯಾವ ಮರ ಹಾಡಿದಿರಿ ಅಂತ ಕೇಳಿ, ಬರೆದುಕೊಳ್ಳಿ.