ಟ್ರೇಲರ್‌ಗೂ ಬೇಕು ನೊಗದ ಲೆಕ್ಕ

ನಮ್ಮ ಮನೇಲಿ ಕಾರು ಕೊಳ್ಳೋ ಮಾತು ಶುರುವಾಗಿ ಆರು ತಿಂಗಳಾಯ್ತು. ಬರೀ ಕಾರಾಗಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ಅದರ ಹಿಂದೆ ಒಂದು ಟ್ರೇಲರ್ ಕಟ್ಟಬೇಕು ಅನ್ನೋದರಿಂದ ಇಷ್ಟು ದಿನ ಹಿಡಿಯಿತು.

ಅಮ್ಮನಿಗೆ ಐವತ್ತೆಂಟು ವರ್ಷ, ಇನ್ನೂ ಸಮುದ್ರ ನೋಡಿಲ್ಲ. ಹೊರಗಿನ ಊಟ ಒಗ್ಗಲ್ಲ, ಲಾಡ್ಜಿನ ಹಾಸಿಗೆ ಅಂದರೆ ಆಗದು. ಅಪ್ಪನಿಗೆ ಮಂಡಿನೋವು, ಎರಡು ಗಂಟೆ ಕೂತರೆ ಕಾಲು ಚಾಚಲೇಬೇಕು. ಧರ್ಮಸ್ಥಳಕ್ಕೆ ಹೋಗಿ ಹಾಗೇ ಮಂಗಳೂರಿನ ಕಡಲ ತೀರಕ್ಕೆ ಇಳಿಯೋಣ ಅಂತ ಎಷ್ಟೋ ಸಲ ಅಂದುಕೊಂಡೆವು, ಆಗಲಿಲ್ಲ. ಕಾರಿನ ಹಿಂದೆ ಪುಟ್ಟ ಮನೆಯಂಥ ಕ್ಯಾಂಪರ್ ಟ್ರೇಲರ್ ಎಳೆದುಕೊಂಡು ಹೋಗುವವರ ವಿಡಿಯೋವನ್ನು ನನ್ನ ಹೆಂಡತಿ ತೋರಿಸಿದಾಗ ಅಮ್ಮ ಕೇಳಿದ್ದು ಒಂದೇ: "ಒಲೆ ಎಲ್ಲಿಡ್ತಾರಮ್ಮ?"

ಅಪ್ಪನಿಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ. "ಇದು ನಮ್ಮ ಕಮಾನು ಗಾಡಿ ಅಲ್ವೇನೋ" ಅಂದರು. ನಮ್ಮ ತುರುವೇಕೆರೆ ಕಡೆಯಿಂದ ಯಡಿಯೂರು ಜಾತ್ರೆಗೆ, ಶಿವರಾತ್ರಿ ಹೊತ್ತಿನ ಸಿದ್ಧಗಂಗೆ ದನದ ಜಾತ್ರೆಗೆ ತಾತನ ಕಾಲದವರು ಹೋಗುತ್ತಿದ್ದದ್ದು ಹಾಗೆಯೇ. ಗಾಡಿಯಲ್ಲಿ ಹುಲ್ಲು ಹಾಸಿ ಹೆಂಗಸರು ಮಕ್ಕಳು ಮಲಗೋದು, ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಗಾಡಿ ಕೆಳಗೆ ಗಂಡಸರು.

ಒಪ್ಪಿದ ಮೇಲೆ ಅಪ್ಪ ತಮ್ಮದೂ ಒಂದು ಷರತ್ತು ಹಾಕಿದರು: ತೋಟದ ಕೆಲಸಕ್ಕೂ ಆಗಬೇಕು. ಇಲ್ಲಿ ಲೆಕ್ಕ ಹಾಕಬೇಕಾಯ್ತು. ಸಾವಿರ ತೆಂಗಿನಕಾಯಿ ಸಿಪ್ಪೆ ಸಮೇತ ಒಂದು ಟನ್ ಆಸುಪಾಸು ತೂಗುತ್ತೆ. ಆದರೆ ಆ ಭಾರ ಓಡಾಡೋದು ತೋಟದಿಂದ ಮನೆಯ ಅಟ್ಟದವರೆಗೆ ಮಾತ್ರ. ಉಂಡೆ ಕೊಬ್ಬರಿಗೆ ಅಂತ ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ನೀರು ಇಂಗಿ, ಸುಲಿದು, ಚಿಪ್ಪು ಒಡೆದ ಮೇಲೆ ಉಳಿಯೋದು ಒಂದೂವರೆ ಕ್ವಿಂಟಾಲ್ ಒಳಗೆ. ತಿಪಟೂರು ಮಾರುಕಟ್ಟೆಗೆ ಹೋಗೋದು ಅಷ್ಟೇ. ಟನ್ನುಗಟ್ಟಲೆ ಹೊರೋದಕ್ಕೆ ಊರಲ್ಲಿ ಬಾಡಿಗೆ ಟ್ರ್ಯಾಕ್ಟರ್ ಇದೆ. ವರ್ಷಕ್ಕೆ ಕೆಲವು ದಿನದ ಕೆಲಸಕ್ಕೆ ಅಂತ ದಿನಾ ಓಡಿಸೋ ಗಾಡಿಯನ್ನ ಆರಿಸೋದು ಬೇಡ ಅಂದೆ. ಅಪ್ಪ ಒಂದು ದಿನ ಮಾತಾಡಲಿಲ್ಲ, ಮಾರನೇ ದಿನ ಒಪ್ಪಿದರು.

ಪಿಕಪ್ ಆಸೆ ಅಲ್ಲಿಗೆ ಬಿಟ್ಟಿತು. ಮಹೀಂದ್ರದ ಬೊಲೆರೊ ಕ್ಯಾಂಪರ್ ನಮ್ಮ ಕಡೆ ಬೇಕಾದಷ್ಟಿದೆ, ಎರಡು ಸಾಲು ಸೀಟು, ಹಿಂದೆ ತೊಟ್ಟಿ. ಹೆಸರಲ್ಲಿ ಮಾತ್ರ ಕ್ಯಾಂಪರ್, ನೋಂದಣಿ ಸರಕು ವಾಹನವಾಗಿ. ಮಂಡಿನೋವಿನವರನ್ನ ಅದರ ಹಿಂದಿನ ಸೀಟಲ್ಲಿ ಕೂರಿಸಿ ಘಾಟಿ ಇಳಿಸೋದು ನನಗೆ ಸರಿ ಕಾಣಲಿಲ್ಲ.

ಶೋರೂಮುಗಳಲ್ಲಿ ಎಲ್ಲರೂ ಹೇಳೋದು ಎಂಜಿನ್ ಶಕ್ತಿ, ಟಾರ್ಕು. ಅಪ್ಪ ಕೇಳಿದ್ದು ಬೇರೆ: "ಭಾರ ಎಲ್ಲಿ ಕೂರುತ್ತೆ? ಇಳಿಜಾರಲ್ಲಿ ಯಾರು ತಡೀತಾರೆ?"

ಎತ್ತಿನ ಗಾಡಿ ಹೂಡಿದವರಿಗೆ ಇದು ಗೊತ್ತು. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲು ಒತ್ತುತ್ತೆ. ಹಿಂಭಾರ ಆದರೆ ಮೂಕಿ ಮೇಲೆದ್ದು ಎತ್ತಿನ ಕತ್ತು ಹಿಡಿಯುತ್ತೆ. ಟ್ರೇಲರಿಗೂ ಅದೇ. ಒಟ್ಟು ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ಕಾರಿನ ಕೊಕ್ಕೆ ಮೇಲೆ ಕೂರಬೇಕು. ಐನೂರು ಕಿಲೋ ಟ್ರೇಲರಿಗೆ ಐವತ್ತು ಕಿಲೋ. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸೋಕೆ ಶುರುಮಾಡುತ್ತೆ, ಕಾರನ್ನೂ ಜೊತೆಗೆ ಎಳೆದಾಡುತ್ತೆ. ನೀರಿನ ಡ್ರಮ್ಮು, ಗ್ಯಾಸ್ ಸಿಲಿಂಡರು ಹಿಂಬದಿಗೆ ಹಾಕಬಾರದು ಅನ್ನೋದು ಇದಕ್ಕೇ. ಆ ಐವತ್ತು ಕಿಲೋ ಕಾರಿನ ಹೊರೆಯಲ್ಲೂ ಸೇರುತ್ತೆ, ಅಂದರೆ ಕಾರಿನ ಡಿಕ್ಕಿಯಲ್ಲಿ ಅಷ್ಟು ಸಾಮಾನು ಕಡಿಮೆ.

ತಡೆಯೋ ಪ್ರಶ್ನೆಯೇ ನಮ್ಮನ್ನ ಹೆಚ್ಚು ದಿನ ಕಾಡಿದ್ದು. ಹಾಸನ, ಸಕಲೇಶಪುರ ದಾಟಿದರೆ ಮಾರನಹಳ್ಳಿಯಿಂದ ಗುಂಡ್ಯದವರೆಗೆ ಶಿರಾಡಿ ಘಾಟಿ, ಮುಂದೆ ಲಾರಿ, ಹಿಂದೆ ಲಾರಿ. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟು. ಕಾರಿನ ಬ್ರೇಕು ಕಾರಿಗೆ ಅಂತ ಮಾಡಿದ್ದು. ಯೂರೋಪಿನಲ್ಲಿ ಬ್ರೇಕಿಲ್ಲದ ಟ್ರೇಲರಿಗೆ 750 ಕಿಲೋ ಮಿತಿ, ಅದೂ ಕಾರಿನ ತೂಕದ ಅರ್ಧ ಮೀರಬಾರದು. ನಾವು ಐನೂರಕ್ಕೇ ನಿಲ್ಲಿಸಿ, ಅದಕ್ಕೂ ಅದರದೇ ಬ್ರೇಕು ಇರಲಿ ಅಂತ ತೀರ್ಮಾನ ಮಾಡಿದೆವು. ತಾತನ ಗಾಡಿಗೂ ಹಗ್ಗ ಬಿಗಿದರೆ ಚಕ್ರದ ಪಟ್ಟಿಗೆ ಒತ್ತುವ ಮರದ ತುಂಡು ಇತ್ತಂತೆ. "ಎತ್ತಿನ ಮೇಲೆ ಬಿಟ್ಟಿದ್ರೆ ಎತ್ತೂ ಉಳೀತಿರಲಿಲ್ಲ" ಅಂದರು ಅಪ್ಪ.

ಇಷ್ಟಾದ ಮೇಲೆ ಕಾರಿನ ಆಯ್ಕೆ ಸಲೀಸಾಯ್ತು. ಆರು ಜನ ಕೂರಬೇಕು, ಆದ್ದರಿಂದ ಏಳು ಸೀಟು. ಏಣಿಯಂಥ ಚಾಸಿ ಮೇಲೆ ಬಾಡಿ ಕೂರಿಸಿದ ಡೀಸೆಲ್ ಗಾಡಿ ಆಗಬೇಕು, ಕೊಕ್ಕೆಯನ್ನ ನೇರ ಆ ಚಾಸಿಗೆ ಬಿಗಿಯಬಹುದು. ಘಾಟಿ ಇಳಿಯುವಾಗ ಕೆಳಗಿನ ಗೇರಲ್ಲಿ ಹಿಡಿದರೆ ಎಂಜಿನ್ನೇ ಅರ್ಧ ತಡೆಯುತ್ತೆ. ಬೊಲೆರೊ ಕಾರಿನ 75 ಅಶ್ವಶಕ್ತಿ ಊರ ರಸ್ತೆಗೆ ಸಾಕು, ಆರು ಜನರ ಜೊತೆ ಟ್ರೇಲರ್ ಕಟ್ಟಿ ಘಾಟಿ ಹತ್ತಿ ವಾಪಸು ಬರೋಕೆ ಏದುಸಿರು. ಹಾಗಾಗಿ ಸ್ಕಾರ್ಪಿಯೊ ಕಡೆ ವಾಲಿದ್ದೇವೆ. ಎಷ್ಟು ತೂಕ ಎಳೆಯಬಹುದು ಅಂತ ಕಂಪನಿಯಿಂದ ಬರವಣಿಗೆಯಲ್ಲಿ ಕೇಳಿದ್ದೇನೆ, ಉತ್ತರ ಬಂದ ಮೇಲೇ ಮುಂಗಡ. ಕೊಳ್ಳುವವರು ದಯವಿಟ್ಟು ಇದನ್ನ ಕೇಳಿ, ಮಾರುವವರ ಬಾಯಿಮಾತು ಇನ್ಶೂರೆನ್ಸ್ ಹೊತ್ತಿಗೆ ಕೆಲಸಕ್ಕೆ ಬರಲ್ಲ.

ಇನ್ನೊಂದು ಮಾತು. ನಮ್ಮೂರಲ್ಲಿ ಯಾವ ವೆಲ್ಡಿಂಗ್ ಶಾಪಲ್ಲಾದರೂ ಟ್ರೇಲರ್ ಮಾಡಿಕೊಡ್ತಾರೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು, ವಿಮೆ ಬೇಕು. ಕೆಎ-44 ಕಚೇರಿಯಲ್ಲಿ ವಿಚಾರಿಸಿ, ಅನುಮೋದನೆ ಇರುವ ತಯಾರಕರ ಹತ್ತಿರವೇ ಮಾಡಿಸೋದು ಅಂತಾಗಿದೆ. ಸ್ವಲ್ಪ ದುಬಾರಿ.

ಮೊದಲ ಪ್ರಯಾಣ ಯಡಿಯೂರಿಗೆ, ಸಮತಟ್ಟು ರಸ್ತೆ, ಒಂದು ರಾತ್ರಿ. ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ತೆಗೆಯೋದು ಅಷ್ಟರಲ್ಲಿ ನನಗೆ ಅಭ್ಯಾಸವಾಗಿರಬೇಕು, ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತೆ. ಶಿರಾಡಿ ಮಳೆಗಾಲ ಕಳೆದ ಮೇಲೆ. ಅಮ್ಮ ಆಗಲೇ ಚಿಕ್ಕನಾಯಕನಹಳ್ಳಿಯ ಚಿಕ್ಕಮ್ಮನಿಗೆ ಫೋನ್ ಮಾಡಿ, ನೀನೂ ಬಾ ಅಂದಿದ್ದಾರೆ. ಏಳನೇ ಸೀಟೂ ತುಂಬಿತು.